ವಿಲ್ ಹೇ ಸಿನಿಮಾಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಲ್ ಹೇ ಯಾರು?

ಬ್ರಿಟನ್ನಿನ ಹಾಸ್ಯನಟ. 1888ರ ಡಿಸೆಂಬರ್ 6ರಂದು ಈಶಾನ್ಯ ಇಂಗ್ಲೆಂಡಿನ ಸ್ಟಾಕ್‌ಟನ್ ಆನ್ ಟೀಸ್ ಎಂಬ ಊರಿನಲ್ಲಿ ಹುಟ್ಟಿದ. ಮಾತಿನ ಚಿತ್ರಗಳು ಬಂದ ಮೊದಲ ಹದಿನೈದು ವರ್ಷಗಳಲ್ಲಿ ಗ್ರೇಸಿ ಫೀಲ್ಡ್ಸ್, ಜಾರ್ಜ್ ಫಾರ್ಮ್‌ಬಿ ಎಂಬ ಜನಪ್ರಿಯ ತಾರೆಯರ ಜೊತೆಯಲ್ಲಿ ಅಲ್ಲಿನ ಜನ ಎಣಿಸುತ್ತಿದ್ದ ಹೆಸರು. 1934ರಿಂದ 1943ರವರೆಗೆ ಪೂರ್ಣ ಪ್ರಮಾಣದ 18 ಚಿತ್ರಗಳಲ್ಲಿ ಕಾಣಿಸಿಕೊಂಡ. ಅಷ್ಟೇ, ಹತ್ತು ವರ್ಷ. ಆ ಹತ್ತು ವರ್ಷದ ದುಡಿಮೆಯನ್ನು ಅಲ್ಲಿನವರು ಇಂದಿಗೂ ನೋಡಿ ನಗುತ್ತಾರೆ.

ಬರವಣಿಗೆಯ ಒಂದು ಕಷ್ಟವನ್ನು ಮೊದಲೇ ಹೇಳಿಬಿಡುತ್ತೇನೆ. ಈತನ ಹೆಸರಿಗೆ ಚತುರ್ಥಿ ವಿಭಕ್ತಿ ಹಚ್ಚಿದರೆ ‘ಹೇಗೆ’ ಎಂದಾಗಿ ವಾಕ್ಯವೆಲ್ಲ ಪ್ರಶ್ನೆಯಾಗಿಬಿಡುತ್ತದೆ. ಆದ್ದರಿಂದ ಮುಂದೆ ‘ವಿಲ್’ ಎಂದೇ ಕರೆಯುತ್ತೇನೆ. ಸಲುಗೆ ಎಂದುಕೊಳ್ಳಬೇಡಿ, ವ್ಯಾಕರಣದ ಕಾಟ.

ಸಿನಿಮಾಕ್ಕೆ ಬರುವ ಮೊದಲು ಏನು ಮಾಡುತ್ತಿದ್ದ?

ಮೇಷ್ಟ್ರ ವೇಷ ಹಾಕುತ್ತಿದ್ದ. ಮ್ಯೂಸಿಕ್ ಹಾಲ್ ಎಂದು ಕರೆಯುತ್ತಿದ್ದ ರಂಗಮಂದಿರಗಳಲ್ಲಿ ಒಂದೇ ಸಂಜೆ ಹಾಡು, ಕಸರತ್ತು, ಜಾದೂ, ಪ್ರಹಸನ ಎಲ್ಲವೂ ನಡೆಯುತ್ತಿದ್ದವು. ವಿಲ್‌ನ ಪಾಲಿಗೆ ಬಂದದ್ದು ಶಾಲೆಯ ಪ್ರಹಸನ. ಆತನ ಅಕ್ಕತಂಗಿಯರಲ್ಲಿ ಒಬ್ಬಳು ಶಿಕ್ಷಕಿ. ಅವಳು ಮನೆಗೆ ಬಂದು ಹೇಳುತ್ತಿದ್ದ ತರಗತಿಯ ಕತೆಗಳೇ ಇದಕ್ಕೆ ಬೀಜ. ಕರಿಗೌನು, ಚೌಕಟ್ಟಿನ ಟೋಪಿ, ಮೂಗಿನ ತುದಿಗೆ ಜಾರಿದ ಕಿವಿಕಡ್ಡಿಯಿಲ್ಲದ ಕನ್ನಡಕ, ಕೈಯಲ್ಲಿ ಬೆತ್ತ, ಎದುರಿಗೆ ಪಾಠಕ್ಕಿಂತ ಮೇಷ್ಟ್ರನ್ನೇ ಚೆನ್ನಾಗಿ ಓದಿಕೊಂಡ ಹುಡುಗರು.

1914ರಿಂದ 1918ರವರೆಗೆ ಫ್ರೆಡ್ ಕಾರ್ನೋ ಎಂಬಾತನ ಪ್ರಹಸನ ಕಂಪನಿಯಲ್ಲಿದ್ದ. ಚಾಪ್ಲಿನ್ ಮತ್ತು ಸ್ಟ್ಯಾನ್ ಲಾರೆಲ್ ಇಬ್ಬರೂ ಇದೇ ಕಂಪನಿಯಲ್ಲಿ ಪಳಗಿ ಅಮೆರಿಕಕ್ಕೆ ಹೋದವರು. 1925ರಲ್ಲಿ ರಾಜಮನೆತನದವರ ಮುಂದೆ ಪ್ರದರ್ಶನ ಕೊಡುವ ಮಟ್ಟಕ್ಕೆ ಪ್ರಹಸನ ಬೆಳೆದಿತ್ತು. ಅಂದರೆ ಸಿನಿಮಾದವರು ಬಾಗಿಲು ತಟ್ಟಿದಾಗ ವಿಲ್ ನಲವತ್ತೈದು ದಾಟಿದ, ನಾಡೆಲ್ಲ ಬಲ್ಲ ಕಲಾವಿದ.

ಮೊದಲ ಚಿತ್ರವೇ ಗೆದ್ದಿತೇ?

ಇಲ್ಲ. 1934ರ ‘ದೋಸ್ ವರ್ ದ ಡೇಸ್’ ಪಿನೆರೋ ಎಂಬ ನಾಟಕಕಾರನ ಹಳೆಯ ನಾಟಕದಿಂದ ತೆಗೆದದ್ದು. 1935ರ ‘ಡ್ಯಾಂಡಿ ಡಿಕ್’ ಕೂಡ ಆತನದೇ ನಾಟಕ. ಎರಡರಲ್ಲೂ ವಿಲ್ ಬೇರೆಯವರ ಅಂಗಿ ತೊಟ್ಟುಕೊಂಡ ಹಾಗೆ ಕಾಣುತ್ತಾನೆ. ನಡುವೆ ಬಂದ ‘ರೇಡಿಯೋ ಪರೇಡ್ ಆಫ್ 1935’ ಸ್ವಲ್ಪ ಮೇಲು. ಅದರಲ್ಲಿ ಆತ ಎನ್‌ಬಿಜಿ ಎಂಬ ರೇಡಿಯೋ ಸಂಸ್ಥೆಯ ಮಹಾನಿರ್ದೇಶಕ. ಬಿಬಿಸಿಯ ಮುಖ್ಯಸ್ಥ ಜಾನ್ ರೀತ್ ಅವರಿಗೆ ಮಾಡಿದ ಚೇಷ್ಟೆ ಇದು. ರೀತ್ ಎಂಬ ಸದ್ದಿಗೆ ಇಂಗ್ಲಿಷಿನಲ್ಲಿ ಹೂವಿನ ಬಳೆ ಎಂಬ ಅರ್ಥವೂ ಇದೆ. ಅದಕ್ಕೇ ಪಾತ್ರದ ಹೆಸರು ಗಾರ್ಲೆಂಡ್, ಅಂದರೆ ಹೂಮಾಲೆ.

ದಾರಿ ಸಿಕ್ಕಿದ್ದು 1935ರ ‘ಬಾಯ್ಸ್ ವಿಲ್ ಬಿ ಬಾಯ್ಸ್’ನಲ್ಲಿ. ಹಳೆಯ ಗೌನು ಮತ್ತೆ ಮೈಮೇಲೆ ಬಂತು. ನಾರ್ಕೋವರ್ ಎಂಬ ಶಾಲೆ, ಅಲ್ಲಿ ಕಳ್ಳತನವೇ ಕುಲಕಸುಬು. ಅದಕ್ಕೆ ತಕ್ಕ ಹೆಡ್‌ಮಾಸ್ಟರ್ ನಮ್ಮ ವಿಲ್. ಅಲ್ಲಿಂದ ಮುಂದೆ ಆತ ಜೈಲಿನ ಅಧಿಕಾರಿಯಾಗಲಿ, ಪೊಲೀಸನಾಗಲಿ, ಅಗ್ನಿಶಾಮಕ ದಳದ ಮುಖಂಡನಾಗಲಿ, ಒಳಗಿದ್ದದ್ದು ಅದೇ ಮೇಷ್ಟ್ರು.

ಆ ಹಾಸ್ಯದಲ್ಲಿ ಅಂಥದ್ದೇನಿದೆ?

ಕುರ್ಚಿ ದೊಡ್ಡದು, ಕೂತವನು ಚಿಕ್ಕವನು. ಇಷ್ಟೇ ಬಂಡವಾಳ. ಯಾವುದೋ ಶಿಫಾರಸಿನಿಂದಲೋ, ಸುಳ್ಳು ಪ್ರಮಾಣಪತ್ರದಿಂದಲೋ, ಬೇರೆ ಯಾರೋ ಎಂದು ತಪ್ಪು ತಿಳಿದು ಕರೆದುಕೊಂಡು ಬಂದದ್ದರಿಂದಲೋ ಈತನಿಗೆ ಹುದ್ದೆ ಸಿಕ್ಕಿರುತ್ತದೆ. ಕೆಲಸದ ಗಂಧಗಾಳಿ ಇರುವುದಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯವೂ ಇರುವುದಿಲ್ಲ. ಹಾಗಾಗಿ ಗದರುತ್ತಾನೆ.

ಆತನ ಮುಖವನ್ನು ಗಮನಿಸಿ. ಹುಡುಗನೊಬ್ಬ ಎದ್ದು ನಿಂತು ಕಷ್ಟದ ಪ್ರಶ್ನೆ ಕೇಳುತ್ತಾನೆ. ವಿಲ್ ತಕ್ಷಣ ಉತ್ತರಿಸುವುದಿಲ್ಲ. ಒಮ್ಮೆ ಮೂಗಿನಿಂದ ಸುರ್ರೆಂದು ಉಸಿರೆಳೆದುಕೊಳ್ಳುತ್ತಾನೆ. ಕನ್ನಡಕದ ಮೇಲಿನಿಂದ ಹುಡುಗನನ್ನು ನೋಡುತ್ತಾನೆ, ಆಮೇಲೆ ಪಕ್ಕಕ್ಕೆ ನೋಡುತ್ತಾನೆ, ಬಾಯಿ ಸೊಟ್ಟ ಮಾಡುತ್ತಾನೆ. ಅಷ್ಟರಲ್ಲಿ ಒಳಗೆ ನಡೆದ ಲೆಕ್ಕಾಚಾರವೆಲ್ಲ ನಮಗೆ ಕಾಣುತ್ತದೆ: ಈ ಹುಡುಗನಿಗೆ ಉತ್ತರ ಗೊತ್ತಿದೆಯೇ? ಗೊತ್ತಿದ್ದರೆ ನಾನು ಸಿಕ್ಕಿಬಿದ್ದೆ; ಗೊತ್ತಿಲ್ಲದಿದ್ದರೆ ಏನು ಬೇಕಾದರೂ ಹೇಳಬಹುದು. ಕೊನೆಗೆ ಬರುವ ಉತ್ತರಕ್ಕಿಂತ ಈ ಎರಡು ಕ್ಷಣದ ಮೌನಕ್ಕೇ ನಾನು ಹೆಚ್ಚು ನಕ್ಕಿದ್ದೇನೆ.

ಇನ್ನೊಂದು ಗುಣ: ಈತ ಪ್ರೇಕ್ಷಕರ ಮರುಕ ಬೇಡುವುದಿಲ್ಲ. ಚಾಪ್ಲಿನ್ ನಗಿಸುತ್ತಲೇ ಕಣ್ಣು ಒದ್ದೆ ಮಾಡುತ್ತಾನೆ. ವಿಲ್‌ನ ಪಾತ್ರ ಹೇಡಿ, ಜುಗ್ಗ, ಅವಕಾಶ ಸಿಕ್ಕರೆ ಕೈಚಳಕಕ್ಕೂ ಹಿಂಜರಿಯದವನು. ಕೊನೆಯವರೆಗೂ ಹಾಗೆಯೇ ಉಳಿಯುತ್ತಾನೆ. ಹುಡುಗಿಯನ್ನು ಗೆಲ್ಲುವುದಿಲ್ಲ, ಹಾಡು ಹೇಳಿ ಮುಗಿಸುವುದಿಲ್ಲ. ಪ್ರೇಮಕತೆ ಬೇಕೆಂದರೆ ಬೇರೆ ಚಿತ್ರಮಂದಿರಕ್ಕೆ ಹೋಗಿ ಎಂಬ ಧೋರಣೆ. ಆ ಕಾಲಕ್ಕೆ ಇದು ಸಣ್ಣ ಎದೆಗಾರಿಕೆಯಲ್ಲ.

ಒಂದೇ ಒಂದು ಚಿತ್ರ ನೋಡುವುದಾದರೆ ಯಾವುದು?

‘ಓ, ಮಿಸ್ಟರ್ ಪೋರ್ಟರ್!’, 1937. ಈ ವಿಷಯದಲ್ಲಿ ನನಗೆ ಚರ್ಚೆಯೇ ಬೇಕಿಲ್ಲ.

ವಿಲಿಯಂ ಪೋರ್ಟರ್ ರೈಲಿನ ಗಾಲಿಗಳನ್ನು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ ಪರೀಕ್ಷಿಸುವ ನೌಕರ. ಆತನ ಸಂಬಂಧಿಕರೊಬ್ಬರು ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಇವನನ್ನು ಕಣ್ಣಿಗೆ ಕಾಣದಷ್ಟು ದೂರ ಸಾಗಹಾಕಬೇಕೆಂದು ಉತ್ತರ ಐರ್ಲೆಂಡಿನ ಬಗಲ್‌ಸ್ಕೆಲಿ ಎಂಬ ಮೂಲೆಯ ನಿಲ್ದಾಣಕ್ಕೆ ಸ್ಟೇಷನ್ ಮಾಸ್ಟರ್ ಮಾಡಿ ಕಳಿಸುತ್ತಾರೆ. ನಮ್ಮಲ್ಲಿ ‘ನೀರಿಲ್ಲದ ಊರಿಗೆ ವರ್ಗ’ ಎನ್ನುವುದಿಲ್ಲವೇ, ಅಂಥದ್ದು.

ಆತ ಬಂದಿಳಿದಾಗ ರಾತ್ರಿ, ಮಳೆ. ಟಿಕೆಟ್ ಕಿಟಕಿ ತಟ್ಟುತ್ತಾನೆ. ಕಿಟಕಿ ತೆರೆದು ಹಲ್ಲಿಲ್ಲದ, ಗಡ್ಡದ ಮುದುಕನೊಬ್ಬ ಮುಖ ಹೊರಹಾಕಿ ‘ಮುಂದಿನ ರೈಲು ಹೋಗಿಬಿಟ್ಟಿದೆ!’ ಎಂದು ಕಿರುಚಿ ಕಿಟಕಿ ಮುಚ್ಚಿಕೊಳ್ಳುತ್ತಾನೆ. ಇಡೀ ಚಿತ್ರದ ತರ್ಕ ಆ ಒಂದು ಮಾತಿನಲ್ಲಿದೆ. ಮುಂದಿನದು ಹೋಗುವುದಾದರೂ ಹೇಗೆ? ಕೇಳಲು ಕಿಟಕಿ ತೆರೆದಿಲ್ಲವಲ್ಲ.

ಒಳಗೆ ಹೋದರೆ ಸಂಸಾರವೇ ಬೇರೆ. ಮುದುಕ ಹಾರ್ಬಾಟಲ್ ಮತ್ತು ದಡೂತಿ ಹುಡುಗ ಆಲ್ಬರ್ಟ್ ಸೇರಿ ಸಾಗಣೆಗೆ ಬಂದ ಸಾಮಾನಿನಲ್ಲಿ ತಮಗೆ ಬೇಕಾದದ್ದನ್ನು ಎತ್ತಿಟ್ಟುಕೊಂಡು, ಟಿಕೆಟ್ಟಿಗೆ ದುಡ್ಡಿನ ಬದಲು ದಿನಸಿ ತೆಗೆದುಕೊಂಡು ಸುಖವಾಗಿದ್ದಾರೆ. ಇಂಥ ನಿಲ್ದಾಣವನ್ನು ಪೋರ್ಟರ್ ಉದ್ಧಾರ ಮಾಡಲು ಹೊರಡುತ್ತಾನೆ. ಒಕ್ಕಣ್ಣ ಜೋ ಎಂಬ ದೆವ್ವದ ಕತೆ, ಪಾಳುಬಿದ್ದ ಗಾಳಿಗಿರಣಿ, ಕಳ್ಳದಾರಿಯಲ್ಲಿ ಬಂದೂಕು ಸಾಗಿಸುವವರು, ಮಾಯವಾಗುವ ಒಂದು ರೈಲು, ಎಲ್ಲವೂ ಇದರ ಬೆನ್ನಿಗೇ ಬರುತ್ತವೆ.

ಕೊನೆಯ ಬೆನ್ನಟ್ಟುವಿಕೆಯಂತೂ ನೋಡಬೇಕು. ಗ್ಲಾಡ್‌ಸ್ಟನ್ ಎಂಬ ಹಳೆಯ ಎಂಜಿನ್ನಿಗೆ ಕಳ್ಳರ ಡಬ್ಬಿಗಳನ್ನು ಸಿಕ್ಕಿಸಿಕೊಂಡು ಮೂವರೂ ಓಡಿಸುತ್ತಾರೆ. ನಿಂತರೆ ಕಳ್ಳರು ಇಳಿಯುತ್ತಾರೆ, ಆದ್ದರಿಂದ ನಿಲ್ಲಿಸುವಂತಿಲ್ಲ. ಸೌದೆ ಮುಗಿದಾಗ ಕೈಗೆ ಸಿಕ್ಕಿದ್ದೆಲ್ಲ ಒಲೆಗೆ: ಗುದ್ದಿ ಮುರಿದ ಲೆವೆಲ್ ಕ್ರಾಸಿಂಗಿನ ಗೇಟು, ಹಾರ್ಬಾಟಲನ ಒಳಉಡುಪು ಕೂಡ. ಆಲ್ಬರ್ಟ್ ಡಬ್ಬಿಯ ಮೇಲೆ ಹತ್ತಿ, ಕಿಟಕಿಯಿಂದ ಯಾರ ತಲೆ ಹೊರಬಂದರೂ ದೊಡ್ಡ ಸಲಿಕೆಯಿಂದ ಒಂದು ಬಿಡುತ್ತಾನೆ. ಕಡೆಗೆ ಸನ್ಮಾನದ ಗಳಿಗೆಯಲ್ಲಿ ಗ್ಲಾಡ್‌ಸ್ಟನ್ ಸಿಡಿದು ಚೂರಾಗುತ್ತದೆ. ಮೂವರೂ ಟೋಪಿ ತೆಗೆದು ನಿಲ್ಲುತ್ತಾರೆ.

ಆ ನಿಲ್ದಾಣ, ಆ ಎಂಜಿನ್ ನಿಜವಾದವೇ?

ಎರಡೂ ನಿಜ. ಆದರೆ ಐರ್ಲೆಂಡಿನವಲ್ಲ. ನಿಲ್ದಾಣ ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಕ್ಲಿಡ್ಸ್‌ಡನ್. ಬೇಸಿಂಗ್‌ಸ್ಟೋಕ್ ಮತ್ತು ಆಲ್ಟನ್ ನಡುವಿನ ಕಿರು ರೈಲುಮಾರ್ಗದಲ್ಲಿತ್ತು. ಆ ಮಾರ್ಗದಲ್ಲಿ ಪ್ರಯಾಣಿಕರ ಸಂಚಾರ 1932ರಲ್ಲೇ ನಿಂತಿತ್ತು, ಗೂಡ್ಸ್ 1936ರಲ್ಲಿ. ಚಿತ್ರತಂಡಕ್ಕೆ ಇದಕ್ಕಿಂತ ಅನುಕೂಲ ಬೇಕೇ? ಮುಂದಿನ ರೈಲು ನಿಜಕ್ಕೂ ಹೋಗಿಬಿಟ್ಟಿತ್ತು.

ಗ್ಲಾಡ್‌ಸ್ಟನ್‌ನ ನಿಜವಾದ ಹೆಸರು ‘ನಾರ್ದಿಯಂ’. 1899ರಲ್ಲಿ ಹಾಥಾರ್ನ್ ಲೆಸ್ಲಿ ಕಾರ್ಖಾನೆಯಲ್ಲಿ ತಯಾರಾದದ್ದು, ಕೆಂಟ್ ಮತ್ತು ಈಸ್ಟ್ ಸಸೆಕ್ಸ್ ರೈಲ್ವೆಯಿಂದ ಎರವಲು ತಂದದ್ದು. ಇನ್ನೂ ಮುದಿಯಾಗಿ ಕಾಣಲೆಂದು ಅದಕ್ಕೆ ಉದ್ದನೆಯ ಹೊಗೆಕೊಳವೆ ಇಟ್ಟರು. ಚಿತ್ರೀಕರಣ ಮುಗಿದ ಮೇಲೆ ಅದು ಒಡೆಯರ ಬಳಿಗೆ ಮರಳಿತು. 1941ರಲ್ಲಿ ಗುಜರಿಗೆ ಹೋಯಿತು.

ಆ ಮುದುಕ ನಿಜಕ್ಕೂ ಅಷ್ಟು ಮುದುಕನೇ?

ಇದನ್ನು ಕೇಳದವರೇ ಇಲ್ಲ. ಹಾರ್ಬಾಟಲ್ ಪಾತ್ರ ಮಾಡಿದ ಮೂರ್ ಮ್ಯಾರಿಯಟ್ 1885ರಲ್ಲಿ ಹುಟ್ಟಿದವನು, ಅಂದರೆ ವಿಲ್‌ಗಿಂತ ಮೂರೇ ವರ್ಷ ದೊಡ್ಡವನು. ಪೋರ್ಟರ್ ಚಿತ್ರದ ವೇಳೆಗೆ ಇನ್ನೂ ಐವತ್ತರ ಆಸುಪಾಸು. ಕಟ್ಟಿಸಿಕೊಂಡ ಹಲ್ಲು ತೆಗೆದಿಟ್ಟು, ಗಡ್ಡ ಅಂಟಿಸಿಕೊಂಡು, ದನಿಯನ್ನು ಕೀರಲಾಗಿಸಿದರೆ ಎಂಬತ್ತರ ಹಾರ್ಬಾಟಲ್ ಸಿದ್ಧ. 1939ರ ‘ಆಸ್ಕ್ ಎ ಪೊಲೀಸ್‌ಮನ್’ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಾರ್ಬಾಟಲನ ಅಪ್ಪನಾಗಿಯೂ ತಾನೇ ಬಂದ. ತಲೆಯಿಲ್ಲದ ಕುದುರೆ ಸವಾರನ ಬಗೆಗಿನ ಹಳೆಯ ಪದ್ಯದ ಕೊನೆಯ ಸಾಲು ಮಗನಿಗೆ ಮರೆತುಹೋಗಿರುತ್ತದೆ. ಅಪ್ಪನನ್ನು ಕೇಳಿಕೊಂಡು ಬರೋಣ ಎನ್ನುತ್ತಾನೆ. ಈ ಮುದುಕನಿಗೂ ಅಪ್ಪ ಬದುಕಿದ್ದಾನೆಯೇ ಎಂದು ವಿಲ್ ಬೆರಗಾಗುವ ಹೊತ್ತಿಗೆ ನಾವೂ ಬೆರಗಾಗಿರುತ್ತೇವೆ.

ಆಲ್ಬರ್ಟ್ ಪಾತ್ರ ಮಾಡಿದ ಗ್ರಹಾಂ ಮೊಫಾಟ್ 1919ರಲ್ಲಿ ಹುಟ್ಟಿದ ಹುಡುಗ. ಪೋರ್ಟರ್ ಚಿತ್ರ ತೆಗೆಯುವಾಗ ಹದಿನೇಳು ವರ್ಷ. ದೊಡ್ಡವರ ಮೇಲೆ ಕಾಸಿನ ಗೌರವವಿಲ್ಲದ, ಹಸಿವು ಮಾತ್ರ ಧಾರಾಳವಾಗಿರುವ ಪಾತ್ರ. ಮೂವರೂ ಒಟ್ಟಿಗೆ ಮೊದಲು ಕಾಣಿಸಿದ್ದು 1936ರ ‘ವಿಂಡ್‌ಬ್ಯಾಗ್ ದ ಸೈಲರ್’ನಲ್ಲಿ.

ನಿರ್ದೇಶಕರು, ಬರಹಗಾರರು ಯಾರು?

ಫ್ರಾನ್ಸ್ ಮೂಲದ ಮಾರ್ಸೆಲ್ ವಾರ್ನೆಲ್ ಎಂಟು ಚಿತ್ರಗಳನ್ನು ನಿರ್ದೇಶಿಸಿದ. ಒಳ್ಳೆಯವು ಬಹುಪಾಲು ಅವನವೇ. ಅದಕ್ಕೂ ಮೊದಲಿನ ಕೆಲವು ಅಮೆರಿಕದ ವಿಲಿಯಂ ಬೋಡೈನ್ ಕೈಯವು. ಇಂಗ್ಲಿಷರ ಹಳ್ಳಿ, ಇಂಗ್ಲಿಷರ ಶಾಲೆಯನ್ನು ಇಷ್ಟು ಚೆನ್ನಾಗಿ ಗೇಲಿ ಮಾಡಿದವರು ಒಬ್ಬ ಫ್ರೆಂಚ್, ಒಬ್ಬ ಅಮೆರಿಕನ್ ಎಂಬುದು ನನಗೆ ಖುಷಿಯ ಸಂಗತಿ. ಬರವಣಿಗೆಯಲ್ಲಿ ಮ್ಯಾರಿಯಟ್ ಎಡ್ಗರ್, ವ್ಯಾಲ್ ಗೆಸ್ಟ್, ಜೆ. ಒ. ಸಿ. ಆರ್ಟನ್ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಸ್ಟುಡಿಯೋ ಗೇನ್ಸ್‌ಬರೋ.

ಅಷ್ಟು ಚೆನ್ನಾಗಿದ್ದ ತ್ರಿವಳಿ ಬೇರೆಯಾದದ್ದೇಕೆ?

ವಿಲ್‌ಗೇ ಬೇಸರ ಬಂದಿತ್ತು. ಒಂದೇ ಕೂಟದ ಮೂರನೇ ಒಂದು ಭಾಗವಾಗಿ ಉಳಿದುಬಿಡುವ ಭಯ ಕಲಾವಿದರಿಗೆ ಸಹಜ. ‘ವೇರ್ಸ್ ದಟ್ ಫೈರ್?’ ಆದ ಮೇಲೆ ಆತ ಈಲಿಂಗ್ ಸ್ಟುಡಿಯೋಗೆ ಹೋದ, ಅವರಿಬ್ಬರನ್ನು ಬಿಟ್ಟು. ಅವರು ಗೇನ್ಸ್‌ಬರೋದಲ್ಲೇ ಉಳಿದು ಆರ್ಥರ್ ಆಸ್ಕಿ ಎಂಬ ಇನ್ನೊಬ್ಬ ಹಾಸ್ಯನಟನ ಜೊತೆ ನಟಿಸಿದರು.

ನಷ್ಟ ಇಬ್ಬರಿಗೂ ಆಯಿತು ಎಂಬುದು ನನ್ನ ಅಭಿಪ್ರಾಯ. ತನಗಿಂತ ಮುದುಕ ಒಂದು ಕಡೆ, ತನಗಿಂತ ಎಳೆಯ ಇನ್ನೊಂದು ಕಡೆ, ಇಬ್ಬರಿಗೂ ತನ್ನಷ್ಟೇ ತಿಳಿವಳಿಕೆ: ಆ ನಡುವೆ ನಿಂತಾಗಲೇ ವಿಲ್‌ನ ಠೇಂಕಾರಕ್ಕೆ ಬೆಲೆ. ಬಿಬಿಸಿಯ ಹೆಸರಾಂತ ಧಾರಾವಾಹಿ ‘ಡ್ಯಾಡ್ಸ್ ಆರ್ಮಿ’ಯ ಸೃಷ್ಟಿಕರ್ತರಲ್ಲಿ ಒಬ್ಬರಾದ ಜಿಮ್ಮಿ ಪೆರ್ರಿ, ತಮ್ಮ ಬಡಾಯಿಯ ಕ್ಯಾಪ್ಟನ್, ಮುದುಕ, ಎಳೆಯ ಹುಡುಗ ಎಂಬ ಜೋಡಣೆಗೆ ಈ ಮೂವರೇ ಪ್ರೇರಣೆ ಎಂದಿದ್ದರು.

ಯುದ್ಧದ ಕಾಲದಲ್ಲಿ ಏನು ಮಾಡಿದ?

ಈಲಿಂಗಿನ ಚಿತ್ರಗಳೆಲ್ಲ ಯುದ್ಧಕಾಲದವೇ. ‘ದ ಘೋಸ್ಟ್ ಆಫ್ ಸೇಂಟ್ ಮೈಕಲ್ಸ್’ (1941) ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಸ್ಥಳಾಂತರಗೊಂಡ ಶಾಲೆಯ ಕತೆ. ‘ದ ಬ್ಲ್ಯಾಕ್ ಶೀಪ್ ಆಫ್ ವೈಟ್‌ಹಾಲ್’ (1942) ಜಾನ್ ಮಿಲ್ಸ್ ಜೊತೆ. ಇದರಿಂದ ಶುರುಮಾಡಿ ಮೂರು ಚಿತ್ರಗಳನ್ನು ಬೇಸಿಲ್ ಡಿಯರ್ಡನ್ ಜೊತೆಗೂಡಿ ತಾನೇ ನಿರ್ದೇಶಿಸಿದ.

‘ದ ಗೂಸ್ ಸ್ಟೆಪ್ಸ್ ಔಟ್’ (1942) ಮರೆಯಲಾಗದ್ದು. ನಾಜಿ ಸೇನಾಪತಿಯೊಬ್ಬನ ತದ್ರೂಪಿಯಾದ ಮೇಷ್ಟ್ರನ್ನು ಬ್ರಿಟಿಷರು ಜರ್ಮನಿಗೆ ಕಳಿಸುತ್ತಾರೆ. ಅಲ್ಲಿ ಬೇಹುಗಾರರಾಗಲಿರುವ ಹುಡುಗರಿಗೆ ಇಂಗ್ಲಿಷರ ನಡೆನುಡಿ ಕಲಿಸುವ ಕೆಲಸ. ಎರಡು ಬೆರಳನ್ನು ತಿರುಗಿಸಿ ಎತ್ತುವುದು ಬ್ರಿಟನ್ನಿನಲ್ಲಿ ಅಪ್ಪಟ ಬೈಗುಳದ ಸನ್ನೆ. ಅದನ್ನೇ ಗೌರವವಂದನೆ ಎಂದು ಹೇಳಿಕೊಟ್ಟು, ಇಡೀ ತರಗತಿ ಹಿಟ್ಲರನ ಭಾವಚಿತ್ರಕ್ಕೆ ಶ್ರದ್ಧೆಯಿಂದ ಸಲ್ಲಿಸುವಂತೆ ಮಾಡುತ್ತಾನೆ. ಬಾಂಬು ಬೀಳುತ್ತಿದ್ದ ಊರುಗಳಲ್ಲಿ ಕೂತು ಜನ ಇದನ್ನು ನೋಡಿದರು. ಆ ವಿದ್ಯಾರ್ಥಿಗಳಲ್ಲಿ ಎಳೆಯ ಪೀಟರ್ ಉಸ್ತಿನಾಫ್ ಒಬ್ಬ.

ಶನಿಗ್ರಹದ ಮೇಲೆ ಏನನ್ನೋ ಕಂಡುಹಿಡಿದನಂತೆ, ಹೌದೇ?

ಹೌದು, ಸಿನಿಮಾ ಪ್ರಚಾರದ ಕತೆಯಲ್ಲ. ವಿಲ್ ಖಗೋಳ ವೀಕ್ಷಣೆಯಲ್ಲಿ ನುರಿತವನು. ದಕ್ಷಿಣ ಲಂಡನ್ನಿನ ನಾರ್ಬರಿಯ ಮನೆಯಲ್ಲಿ ವೀಕ್ಷಣಾಲಯ ಕಟ್ಟಿಸಿಕೊಂಡಿದ್ದ. 1933ರ ಆಗಸ್ಟ್ 3ರ ರಾತ್ರಿ ಆರು ಇಂಚಿನ ದೂರದರ್ಶಕದಲ್ಲಿ ಶನಿಯನ್ನು ನೋಡುತ್ತಿದ್ದಾಗ ಗ್ರಹದ ನಡುಪಟ್ಟಿಯ ಬಳಿ ಮೊಟ್ಟೆಯಾಕಾರದ ಬಿಳಿಯ ಮಚ್ಚೆ ಕಂಡಿತು. ತನ್ನ ಕಣ್ಣನ್ನೇ ನಂಬದೆ, ಅನುಭವಿ ವೀಕ್ಷಕ ಸ್ಟೀವನ್‌ಸನ್‌ಗೆ ಫೋನು ಮಾಡಿದ. ಅವರೂ ನೋಡಿ ಹೌದೆಂದರು. ಶನಿಯ ವಾತಾವರಣದಲ್ಲಿ ಕೆಲವು ದಶಕಗಳಿಗೊಮ್ಮೆ ಏಳುವ ಭಾರೀ ಬಿರುಗಾಳಿ ಅದು. 1876, 1903ರಲ್ಲಿ ಇಂಥವು ಕಂಡಿದ್ದವು. ಆಮೇಲೆ 1960, 1990, 2010ರಲ್ಲೂ ಎದ್ದವು.

ನಮ್ಮಲ್ಲಿ ಶನಿ ಹೆಗಲೇರಿದರೆ ಏಳೂವರೆ ವರ್ಷ ಇಳಿಯುವುದಿಲ್ಲ ಎನ್ನುತ್ತಾರೆ. ಈತನಿಗೆ ಶನಿಯೇ ವಿಜ್ಞಾನಿಗಳ ನಡುವೆ ಹೆಸರು ತಂದುಕೊಟ್ಟ.

1932ರಲ್ಲೇ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆಗಿದ್ದ. ವೈಜ್ಞಾನಿಕ ಬರಹಗಳಿಗೆ ಡಬ್ಲ್ಯು. ಟಿ. ಹೇ ಎಂದು ಸಹಿ ಹಾಕುತ್ತಿದ್ದ. ಹಾಸ್ಯಗಾರನ ಹೆಸರು ಅಲ್ಲಿ ಬೇಡ ಎಂದು. 1935ರಲ್ಲಿ ಸಾಮಾನ್ಯ ಓದುಗರಿಗಾಗಿ ಖಗೋಳದ ಒಂದು ಪುಸ್ತಕವನ್ನೂ ಬರೆದ. ಅದೇ ವರ್ಷ ನಾರ್ಕೋವರ್ ಶಾಲೆಯ ಹೆಡ್‌ಮಾಸ್ಟರ್ ಪರದೆಯ ಮೇಲೆ ತಡವರಿಸುತ್ತಿದ್ದ ಎಂಬುದನ್ನು ನೆನೆಯಿರಿ. ಅರಿವಿಲ್ಲದವನ ಪೇಚನ್ನು ಇಷ್ಟು ಕರಾರುವಾಕ್ಕಾಗಿ ಅಭಿನಯಿಸಲು ಅರಿವು ಎಂದರೇನೆಂದು ಗೊತ್ತಿರಬೇಕಾಗುತ್ತದೆ. ಯುದ್ಧದ ವೇಳೆ ನೌಕಾಪಡೆಯ ಎಳೆಯರಿಗೆ ಖಗೋಳ, ನೌಕಾಯಾನದ ಪಾಠ ಹೇಳಿದ್ದೂ ಉಂಟು. ಆಗ ನಿಜವಾಗಿ ಮೇಷ್ಟ್ರಾದ. ಒಂದು ಕ್ಷುದ್ರಗ್ರಹಕ್ಕೆ ಈಗ ಆತನ ಹೆಸರಿದೆ: 3125 ಹೇ.

ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ ಹಿಡಿಸುತ್ತದೆಯೇ?

ಅರ್ಧ ಹಿಡಿಸುತ್ತದೆ. ರೈಲು, ಬಸ್ಸು, ಗಾಳಿಗಿರಣಿಯ ಭಾಗಗಳಿಗೆ ಭಾಷೆ ಬೇಡ. ತರಗತಿಯ ಭಾಗಗಳಲ್ಲಿ ಮಾತಿನ ತಿರುಚೇ ಮುಖ್ಯ. ‘ಹೌ ಹೈ’ ಎಂಬ ಹೆಸರಾಂತ ವರಸೆಯನ್ನೇ ನೋಡಿ. ಹೌ ಹೈ ಒಬ್ಬ ಚೀನೀಯ ಎಂದು ಹುಡುಗರು ಹೇಳುತ್ತಾರೆ. ಕೇಳುವವನ ಕಿವಿಗೆ ಅದು ‘ಚೀನೀಯ ಎಷ್ಟು ಎತ್ತರ?’ ಎಂಬ ಪ್ರಶ್ನೆಯಾಗಿ ಬೀಳುತ್ತದೆ. ಅವರು ಹೇಳಿದ್ದು ಹೇಳಿಕೆ, ಇವನು ಹುಡುಕುವುದು ಉತ್ತರ. ಮಾತು ಗಾಣದೆತ್ತಿನಂತೆ ಸುತ್ತುತ್ತದೆ. ಇದನ್ನು ಕನ್ನಡಕ್ಕೆ ತರಲಾಗದು. ಮೇಲೆ ಹೇಳಿದ ‘ಹೇಗೆ’ ತಮಾಷೆ ಇಂಗ್ಲಿಷಿಗೆ ಹೋಗದ ಹಾಗೆ.

ಈಗ ನೋಡಿದರೆ ಇರುಸುಮುರುಸು ಆಗುವಂಥದ್ದು ಇದೆಯೇ?

ಇದೆ. 1938ರ ‘ಓಲ್ಡ್ ಬೋನ್ಸ್ ಆಫ್ ದ ರಿವರ್’ ಆಫ್ರಿಕದ ವಸಾಹತಿನಲ್ಲಿ ನಡೆಯುವ ಕತೆ. ಸಾಮ್ರಾಜ್ಯದ ವೀರಗಾಥೆಗಳನ್ನು ಅಣಕಿಸುವುದು ಉದ್ದೇಶ, ಬಿಳಿಯ ಅಧಿಕಾರಿಗಳನ್ನು ದಡ್ಡರೆಂದು ತೋರಿಸುತ್ತದೆ ಕೂಡ. ಆದರೂ ಅಲ್ಲಿನ ಜನರನ್ನು ಚಿತ್ರಿಸಿದ ರೀತಿಯಲ್ಲಿ ಆಳುವವರ ಕಣ್ಣೇ ಇದೆ. ಅದೇ ಧಣಿಗಳ ಕೈಕೆಳಗಿದ್ದ ನಾಡಿನವನಾಗಿ ನನಗೆ ಅದನ್ನು ನೋಡಿ ನಗು ಬರಲಿಲ್ಲ. ಮೇಲಿನ ‘ಹೌ ಹೈ’ ವರಸೆಗೂ ಅದೇ ಕಾಲದ ಕಲೆ ಅಂಟಿದೆ.

ಕಳೆದುಹೋದ ಚಿತ್ರವೊಂದು ಇತ್ತಂತೆ?

‘ವೇರ್ಸ್ ದಟ್ ಫೈರ್?’. ಬಹುಕಾಲ ಪ್ರತಿಯೇ ಇಲ್ಲವೆಂದುಕೊಂಡಿದ್ದರು. 1970ರ ದಶಕದಲ್ಲಿ ಸಿಕ್ಕಿತು. ತ್ರಿವಳಿಯ ಕೊನೆಯ ಚಿತ್ರ ಅದೇ ಆದ್ದರಿಂದ ಅಭಿಮಾನಿಗಳಿಗೆ ಹಬ್ಬ.

1943ಕ್ಕೇ ಏಕೆ ನಿಂತುಹೋಯಿತು?

ಆರೋಗ್ಯ ಕೈಕೊಟ್ಟಿತು. ಆಮೇಲೆ ರೇಡಿಯೋದಲ್ಲಿ ದನಿ ಕೇಳಿಸಿತು, ಸಿನಿಮಾ ಆಗಲಿಲ್ಲ. 1949ರ ಏಪ್ರಿಲ್ 18ರಂದು ಲಂಡನ್ನಿನ ಚೆಲ್ಸಿಯಲ್ಲಿ ತೀರಿಕೊಂಡ. ಅರವತ್ತು ವರ್ಷ.

ಯಾವ ಕ್ರಮದಲ್ಲಿ ನೋಡಲಿ?

ಮೊದಲು ಪೋರ್ಟರ್. ಹಿಡಿಸಿದರೆ ‘ಆಸ್ಕ್ ಎ ಪೊಲೀಸ್‌ಮನ್’: ಹತ್ತು ವರ್ಷದಿಂದ ಒಂದೂ ಅಪರಾಧ ನಡೆಯದ ಊರಿನ ಠಾಣೆ ಮುಚ್ಚಿಹೋಗದಿರಲೆಂದು ಪೊಲೀಸರೇ ಅಪರಾಧ ಹುಟ್ಟಿಸುವ ಕತೆ. ಬಳಿಕ ‘ಗುಡ್ ಮಾರ್ನಿಂಗ್, ಬಾಯ್ಸ್’. ಮೊದಲಿನ ಪಿನೆರೋ ನಾಟಕಗಳನ್ನು ಬಿಟ್ಟರೂ ನಷ್ಟವಿಲ್ಲ.

ಕಡೆಗೆ ಉಳಿಸಿಕೊಳ್ಳಬೇಕಾದದ್ದು ಆತನ ಕೊನೆಯ ಚಿತ್ರ ‘ಮೈ ಲರ್ನೆಡ್ ಫ್ರೆಂಡ್’. ಇದರಲ್ಲಿ ವಿಲ್ ಪಟಿಂಗ ವಕೀಲ. ಜೈಲಿನಿಂದ ಹೊರಬಂದ ಹಳೆಯ ಕಕ್ಷಿದಾರನೊಬ್ಬ ತನ್ನನ್ನು ಒಳಗೆ ಹಾಕಿಸಿದವರನ್ನೆಲ್ಲ ಒಬ್ಬೊಬ್ಬರಾಗಿ ಕೊಲ್ಲುತ್ತ ಬರುತ್ತಾನೆ, ಪಟ್ಟಿಯಲ್ಲಿ ಇವನ ಹೆಸರೂ ಇದೆ. ಸಾವನ್ನೇ ನಗೆಗೆ ವಸ್ತುಮಾಡಿಕೊಂಡ ಈಲಿಂಗಿನ ಮುಂದಿನ ಚಿತ್ರಗಳಿಗೆ ಇಲ್ಲಿಯೇ ಮುನ್ಸೂಚನೆ ಇದೆ. ಕೊನೆಗೆ ಕತೆ ಬಿಗ್ ಬೆನ್ ಗಡಿಯಾರದ ಗೋಪುರ ಹತ್ತುತ್ತದೆ. ಹೊರಗೆ ಲಂಡನ್, ಕಾಲಡಿ ಏನೂ ಇಲ್ಲ. ಆ ದೊಡ್ಡ ಮುಳ್ಳುಗಳಿಗೆ ಜೋತುಬಿದ್ದಾಗಲೂ ಮೇಷ್ಟ್ರ ಕನ್ನಡಕ ಮೂಗಿನ ತುದಿಯಲ್ಲೇ ಇದೆಯೇ ಎಂದು ನೋಡಿ ನೀವೇ ಹೇಳಿ.